ಬಾಕಿ ಉಳಿದ ಏಟು

ಆ ಭಾನುವಾರ ಭೀಮಣ್ಣನಿಗೆ ಒದಗಿದ ಫಜೀತಿಗೆಲ್ಲ ಮೂಲ ಅವನ ತಲೆಗೂದಲು. ಈಗಿನದಲ್ಲ. ಈಗ ಅವನ ತಲೆಯ ಮೇಲೆ ಉಳಿದಿರುವುದು ಕೊಯ್ಲು ಮುಗಿದ ಗದ್ದೆಯ ಕೂಳೆಯಷ್ಟೇ. ನಲವತ್ತು ವರ್ಷದ ಹಿಂದೆ ಕಾಲೇಜಿನಲ್ಲಿದ್ದಾಗ ಅದು ಹೆಗಲ ತನಕ ಗುಂಗುರು ಗುಂಗುರಾಗಿ ಇಳಿಬಿದ್ದಿತ್ತು. ಆ ಕಾಲಕ್ಕೆ ಶಿಕಾರಿಪುರದಲ್ಲಿ ಅಂಥ ಕೂದಲು ಬಿಟ್ಟವರು ಇನ್ನೂ ಕೆಲವರಿದ್ದರು ಎಂಬುದು ಮಾತ್ರ ಈಗ ಯಾರಿಗೂ ನೆನಪಿರಲಿಲ್ಲ.

ಬೆಳಿಗ್ಗೆ ಭೀಮಣ್ಣ ತನ್ನ ಹಿಟ್ಟಿನ ಗಿರಣಿಯಲ್ಲಿ ಜೋಳ ಬೀಸುತ್ತಿದ್ದ. ಎದುರಿನ ಜವಳಿ ಅಂಗಡಿಯ ಗಂಗಾಧರಪ್ಪನವರು ರಸ್ತೆ ದಾಟಿ ತನ್ನತ್ತಲೇ ಬರುವುದು ಕಂಡು ಅವನು ಬೇಗ ಬೇಗ ಕಾಳು ಸುರಿಯತೊಡಗಿದ. ಗಂಗಾಧರಪ್ಪನವರೆಂದರೆ ಹಣೆ ತುಂಬ ವಿಭೂತಿ, ಮೈ ತುಂಬ ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಬೋಳುತಲೆಯ ಕೆಳಗೆ ಗಂಭೀರವಾದ ಮುಖ. ಊರಿನಲ್ಲಿ ಅವರದೊಂದು ಕಲ್ಯಾಣ ಮಂಟಪವೂ ಇತ್ತು. ಇದೆಲ್ಲಕ್ಕಿಂತ ಹೆಚ್ಚಾಗಿ ಅವರು ಶಬ್ದಮಾಲಿನ್ಯ ವಿರೋಧಿ ಸಮಿತಿಯ ಅಧ್ಯಕ್ಷರು. ಗಣಪತಿ ಮೆರವಣಿಗೆಯ ಡಿಜೆ, ಮದುವೆಯ ಆರ್ಕೆಸ್ಟ್ರಾ, ತರಕಾರಿ ಗಾಡಿಯ ಮೈಕು, ಯಾವುದೂ ಅವರ ಕಿವಿಗೆ ಆಗದು. ಹೋದ ತಿಂಗಳು ಭೀಮಣ್ಣನ ಗಿರಣಿಯ ಗದ್ದಲ ತಾಳಲಾಗದು, ಅದನ್ನು ಊರ ಹೊರಗೆ ಸಾಗಿಸಬೇಕು ಎಂದು ಪುರಸಭೆಗೆ ಅರ್ಜಿ ಕೊಟ್ಟಿದ್ದರು. ಒಂದು ಸೇರು ಕಾಳು ಹೊತ್ತುಕೊಂಡು ಊರ ಹೊರಗೆ ಯಾರು ಬರುತ್ತಾರೆ? ಭೀಮಣ್ಣನಿಗೆ ಅಂದಿನಿಂದ ಸರಿಯಾಗಿ ನಿದ್ದೆಯಿರಲಿಲ್ಲ.

ಇವತ್ತು ಗಂಗಾಧರಪ್ಪನವರ ಹಿಂದೆ ಜೀನ್ಸ್ ತೊಟ್ಟ ಯುವತಿಯೊಬ್ಬಳಿದ್ದಳು. ಅವಳ ಹೆಗಲಿನಲ್ಲಿ ಕ್ಯಾಮೆರಾ ಇತ್ತು.

"ಇವನೇ ಕಣಮ್ಮ," ಎಂದರು ಗಂಗಾಧರಪ್ಪನವರು, ಹಿಟ್ಟು ಮೆತ್ತಿದ ಅವನ ಮುಖಕ್ಕೆ ಬೆರಳು ತೋರಿಸಿ. "ಜಾಗಟೆ ಬಾರಿಸ್ತಿದ್ದೋನು ಇವನೇ."

ಗಿರಣಿಯ ಸದ್ದಿನಲ್ಲಿ ಭೀಮಣ್ಣನಿಗೆ ಸರಿಯಾಗಿ ಕೇಳಿಸಲಿಲ್ಲ. ಯಾವುದಕ್ಕೂ ಇರಲಿ ಎಂದು, "ಇನ್ನೊಂದ್ ಹತ್ತು ನಿಮಿಷ ಕೊಡ್ರಿ, ಬಂದ್ ಮಾಡಿಬಿಡ್ತೀನಿ," ಎಂದ.

ವಿಷಯ ಹೀಗಿತ್ತು. ನಲವತ್ತು ವರ್ಷದ ಹಿಂದೆ ಕಾಲೇಜಿನ ನಾಲ್ವರು ಹುಡುಗರು ಸೇರಿ 'ಕೃಷ್ಣಪಕ್ಷ' ಎಂಬ ಬ್ಯಾಂಡ್ ಕಟ್ಟಿದ್ದರು. ಅವರಲ್ಲೊಬ್ಬನಾದ ಮಹಾಂತೇಶನ ಮಾವ ಎಲ್ಲಿಂದಲೋ ತಂದುಕೊಟ್ಟ ವಿಲಾಯತಿ ಕ್ಯಾಸೆಟ್ಟುಗಳನ್ನು ಕೇಳಿ ಕೇಳಿ ಅವರಿಗೆ ಹುಚ್ಚು ಹಿಡಿದಿತ್ತು. ಇದಕ್ಕೆ ಪ್ರೋಗ್ರೆಸಿವ್ ರಾಕ್ ಎನ್ನುತ್ತಾರೆ ಎಂದು ಅವರು ವಿವರಿಸಿದರೆ ಊರವರು, "ಪ್ರಗತಿಪರ ರೈತ ಗೊತ್ತು, ಇದ್ಯಾವ್ದಪ್ಪ ಪ್ರಗತಿಪರ ಬಂಡೆ?" ಎನ್ನುತ್ತಿದ್ದರು. ಬ್ಯಾಂಡಿನ ಹೆಸರೂ ಜನರ ಬಾಯಲ್ಲಿ ಬೇಗನೆ 'ಪಿತೃಪಕ್ಷ'ವಾಗಿ, ತಿಥಿಗೆ ಕರೆಯಬೇಕಾದ ಬ್ಯಾಂಡು ಇದೇ ಇರಬೇಕೆಂಬ ಅಭಿಪ್ರಾಯ ಬೆಳೆಯಿತು. ಕೊನೆಗೆ ಒಂದು ವಾರ್ಷಿಕೋತ್ಸವದಲ್ಲಿ ಅವರು ಅರ್ಧ ಗಂಟೆಯ ಒಂದೇ ಹಾಡು ನುಡಿಸತೊಡಗಿ, ಅದು ಮುಗಿಯುವ ಮೊದಲೇ ಗಲಾಟೆಯಾಗಿ, ಬ್ಯಾಂಡು ಒಡೆದುಹೋಯಿತು.

ಕ್ಯಾಮೆರಾ ಹೊತ್ತ ಈ ಯುವತಿ ಶಿವಮೊಗ್ಗದ ಸುನಿತಾ. ಆ ಬ್ಯಾಂಡನ್ನು ಮತ್ತೆ ಒಟ್ಟುಗೂಡಿಸಿ, ಅವರ ಕೈಲಿ ಅದೇ ಹಾಡು ನುಡಿಸಿ, ಒಂದು ಸಾಕ್ಷ್ಯಚಿತ್ರ ತೆಗೆಯಲು ಬಂದಿದ್ದಳು. ಕಛೇರಿ ಇವತ್ತೇ ಮಧ್ಯಾಹ್ನ, ಸದ್ದು ಹತೋಟಿಯಲ್ಲಿರಲಿ ಎಂದು ಗಂಗಾಧರಪ್ಪನವರೇ ಬಿಟ್ಟುಕೊಟ್ಟ ಅವರ ಕಲ್ಯಾಣ ಮಂಟಪದಲ್ಲಿ. ಮೂವರು ಸಿಕ್ಕಿದ್ದರು. ಔಷಧಿ ಅಂಗಡಿಯ ಮಹಾಂತೇಶ್ ಆರ್ಗನ್, ಅಂಜನಾಪುರದ ರೈತ ಆನಂದಪ್ಪ ಡ್ರಮ್ಸ್, ಸೊರಬದ ನಿವೃತ್ತ ಗಣಿತದ ಮೇಷ್ಟ್ರು ಶಿವಶಂಕರ ಗಿಟಾರು. ನಾಲ್ಕನೆಯವನು ಮಾತ್ರ ಯಾರೆಂದು ತಿಳಿಯದು. ಕೇಳಿದರೆ ಮಹಾಂತೇಶ್, "ವಯಸ್ಸಾತು ನೋಡಮ್ಮ, ಮರೆವು," ಎನ್ನುತ್ತಿದ್ದ. ಅವಳ ಬಳಿಯಿದ್ದ ಒಂದೇ ಫೋಟೋದಲ್ಲಿ ಆ ನಾಲ್ಕನೆಯವನ ಮುಖ ತೂಗುಬಿಟ್ಟ ದೊಡ್ಡ ಜಾಗಟೆಯ ಹಿಂದೆ ಮರೆಯಾಗಿ, ಮೇಲೆ ಗುಂಗುರು ಕೂದಲಿನ ಗುಡ್ಡೆಯೊಂದೇ ಕಾಣುತ್ತಿತ್ತು.

ಭೀಮಣ್ಣ ಮೋಟಾರು ನಿಲ್ಲಿಸಿ ಫೋಟೋ ನೋಡಿದ. "ನಾನಲ್ಲಮ್ಮ ಇದು. ನಾನು ಜನ್ಮದಾಗೆ ಸ್ಟೇಜ್ ಹತ್ತಿದೋನಲ್ಲ. ಆ ಗಲಾಟೆ ದಿನ ಊರಾಗೇ ಇರ್ಲಿಲ್ಲ."

"ಕೂದ್ಲು ನೋಡಮ್ಮ ಕೂದ್ಲು," ಎಂದರು ಗಂಗಾಧರಪ್ಪನವರು. "ನಾನು ಕಣ್ಣಾರೆ ಕಂಡೀನಿ."

"ಸರ್, ನೀವು ಇದನ್ನ ಕ್ಯಾಮೆರಾ ಮುಂದೆ ಹೇಳ್ತೀರಾ?"

ಗಂಗಾಧರಪ್ಪನವರು ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು, ಕ್ಯಾಮೆರಾದ ಕಣ್ಣಿಗೆ ಕಣ್ಣಿಟ್ಟು, "ಶಬ್ದಮಾಲಿನ್ಯ ವಿರೋಧಿ ಸಮಿತಿ ಅಧ್ಯಕ್ಷನಾಗಿ ನಾನು ಸತ್ಯವಾಗ್ಲೂ ಹೇಳ್ತೀನಿ. ಆವತ್ತು ಜಾಗಟೆ ಹಿಡ್ಕಂಡು ನಿಂತಿದ್ದೋನು ಈ ಗಿರಣಿ ಭೀಮಣ್ಣನೇ. ಬೇರೆ ಯಾರೂ ಅಲ್ಲ," ಎಂದರು. ಆಮೇಲೆ ಭೀಮಣ್ಣನ ರಟ್ಟೆ ಹಿಡಿದು ಚೀಲಗಳ ಮರೆಗೆ ಎಳೆದುಕೊಂಡು ಹೋದರು.

"ಹ್ಞೂಂ ಅನ್ನು. ಅರ್ಜಿ ವಾಪಸ್ ತಗಂತೀನಿ."

"ಅಲ್ರೀ ಸಾವ್ಕಾರ್ರೆ, ನಿಮಗೆ ಸಂಗೀತ ಅಂದ್ರೆ ಆಗಲ್ಲ. ಇದರ ಉಸಾಬರಿ ನಿಮಗ್ಯಾಕೆ?"

"ಊರಿನ ಮರ್ಯಾದೆ ಕಣೋ. ಇವತ್ತು ಯಾರೂ ಸಿಗ್ಲಿಲ್ಲ ಅಂದ್ರೆ ಆ ಹುಡುಗಿ ನಾಳೆಯಿಂದ ಮನೆ ಮನೆ ಬಾಗ್ಲು ತಟ್ತಾಳೆ. ಗಿರಣಿ ಇಲ್ಲೇ ಇರ್ಬೇಕೋ ಬ್ಯಾಡ್ವೋ?"

ಇಷ್ಟರಲ್ಲಿ ಬಾಗಿಲಲ್ಲಿ ಜನ ಸೇರಿದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಗುರುಪ್ರಕಾಶ್, "ಅದಕ್ಕೇ ನೋಡ್ರಿ ಈತ ಗಿರಣಿ ಹಾಕಿದ್ದು. ಒಳಗೆ ಕಲೆ ಇದ್ದೋರಿಗೆ ಸದ್ದಿಲ್ದೆ ಇರಾಕಾಗಲ್ಲ," ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿದ. ಭೀಮಣ್ಣ 'ನಾನಲ್ಲ' ಎಂದರೆ ಅದನ್ನು ವಿನಯವೆಂದರು. ಎರಡನೇ ಸಲ ಎಂದರೆ ದೊಡ್ಡ ಕಲಾವಿದರೆಲ್ಲ ಹೀಗೇ ಎಂದರು. ಮೂರನೇ ಸಲ ಹೇಳುವಷ್ಟರಲ್ಲಿ ಅವನ ಹೆಂಡತಿ ಯಮುನಮ್ಮ ಹಿತ್ತಲಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು.

"ಮದ್ವೆಯಾಗಿ ಇಷ್ಟು ವರ್ಷ ಆತು, ನನಗೊಂದು ಮಾತು ಹೇಳ್ಬಾರ್ದಾ?" ಎಂದಳು. ಕೋಪದ ಮಾತೇ. ಆದರೆ ಅವಳ ಕಣ್ಣಿನಲ್ಲಿ ಭೀಮಣ್ಣ ಇಷ್ಟು ವರ್ಷದಲ್ಲಿ ಒಮ್ಮೆಯೂ ಕಾಣದ ಒಂದು ಬೆಳಕಿತ್ತು. ಗಂಡನನ್ನು ಹೊಸದಾಗಿ ನೋಡುವವಳಂತೆ ಅವಳು ತಲೆಯಿಂದ ಕಾಲಿನವರೆಗೆ ನೋಡಿದಳು. ಭೀಮಣ್ಣನಿಗೆ ನಾಲ್ಕನೇ ಸಲ ನಿಜ ಹೇಳಲು ಬಾಯಿ ಬರಲಿಲ್ಲ.

ಮೊದಲು ಸೊರಬಕ್ಕೆ ಹೋಗಬೇಕಿತ್ತು. ಶಿವಶಂಕರ ಮೇಷ್ಟ್ರು ಹಟ ಹಿಡಿದು ಕೂತಿದ್ದರು. ಜಾಗಟೆಯವನೇ ಬಂದು ಕರೆದರೆ ಮಾತ್ರ ಬರುತ್ತೇನೆ, ಇಲ್ಲದಿದ್ದರೆ ಇಲ್ಲ. ಹಳೆಯ ಜಾಗಟೆಯೂ ಅವರ ಮನೆಯಲ್ಲೇ ಇತ್ತು. ಸುನಿತಾ, ಭೀಮಣ್ಣ ಹೊರಟಾಗ ಗಂಗಾಧರಪ್ಪನವರು, "ನಾನೇ ಕಾರು ಬಿಡ್ತೀನಿ. ಕಾರ್ಯಕ್ರಮದ ಶಬ್ದ ಎಷ್ಟಿರ್ಬೇಕು ಅಂತ ಮೇಷ್ಟ್ರ ಹತ್ರ ಮೊದ್ಲೇ ಮಾತಾಡ್ಬೇಕು," ಎಂದು ಬಂದರು. ಆದರೆ ಸೊರಬ ಮುಟ್ಟಿದ ಮೇಲೆ ಕಾರಿನಿಂದ ಇಳಿದು ಬೇಲಿಯ ಹತ್ತಿರವೇ ನಿಂತುಬಿಟ್ಟರು.

ಒಳಗೆ ಸುನಿತಾ ಗೋಡೆಯ ಮೇಲಿನ ಗಿಟಾರನ್ನು ಚಿತ್ರಿಸುತ್ತಿದ್ದಾಗ ಭೀಮಣ್ಣ ಮೇಷ್ಟ್ರ ಪಕ್ಕ ಕೂತು ತಗ್ಗಿದ ದನಿಯಲ್ಲಿ, "ಮೇಷ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ. ನಾನು ಅವನಲ್ಲ. ನೀವಾದ್ರೂ ಆ ಹುಡುಗಿಗೆ ಹೇಳ್ರಿ," ಎಂದ.

ಶಿವಶಂಕರ ಮೇಷ್ಟ್ರು ಕನ್ನಡಕದ ಮೇಲಿಂದ ಅವನನ್ನು ನೋಡಿದರು. "ಅದು ನಂಗೆ ಗೊತ್ತಿಲ್ವನಾ ಮಾರಾಯಾ? ನಿನ್ನ ಯಾರು ಕರ್ಕೊಂಡು ಬಂದಿದ್ದು?"

"ನಮ್ಮೂರ ಗಂಗಾಧರಪ್ಪಾರು. ಅಲ್ಲಿ, ಬೇಲಿ ಹತ್ರ ನಿಂತಾರಲ್ಲ."

ಮೇಷ್ಟ್ರು ಕಿಟಕಿಯಿಂದ ಬಗ್ಗಿ ನೋಡಿದರು. "ಒಳಗೆ ಯಾಕೆ ಬರ್ಲಿಲ್ಲವಂತೆ?"

"ಗಿಟಾರ್ ಇರೋ ಮನೆಯಾಗೆ ಕಾಲಿಡಲ್ಲ ಅಂದ್ರು."

ಮೇಷ್ಟ್ರು ನಗತೊಡಗಿದರು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಭುಜ, ಕೊನೆಗೆ ಕನ್ನಡಕ ಜಾರಿ ತೊಡೆಯ ಮೇಲೆ ಬಿತ್ತು. ಕಣ್ಣೊರೆಸಿಕೊಂಡು ಎದ್ದು ಹೊರಗೆ ಹೋದರು. ಕಿಟಕಿಯಲ್ಲಿ ಭೀಮಣ್ಣನಿಗೆ ಕಂಡದ್ದು ಇಷ್ಟು: ಗಂಗಾಧರಪ್ಪನವರು ಕೈ ಮುಗಿದು ಏನೋ ಬೇಡುತ್ತಿದ್ದರು, ಮೇಷ್ಟ್ರು ಇಲ್ಲ ಇಲ್ಲ ಎಂದು ತಲೆಯಾಡಿಸುತ್ತಿದ್ದರು, ಕಡೆಗೆ ಗಂಗಾಧರಪ್ಪನವರು ಮೇಷ್ಟ್ರ ಕೈ ಹಿಡಿದು ತಮ್ಮ ಬೋಳುತಲೆಯ ಮೇಲೆ ಇಟ್ಟುಕೊಂಡು ಆಣೆ ಹಾಕಿಸಿಕೊಂಡರು. ಶಬ್ದ ಕಡಿಮೆ ಇಡಲು ಒಪ್ಪಿಸಿದರು ಎಂದುಕೊಂಡ ಭೀಮಣ್ಣ.

ಒಳಗೆ ಬಂದ ಮೇಷ್ಟ್ರು, "ಬರ್ತೆ ನಡಿರಿ," ಎಂದರು. ಭೀಮಣ್ಣನ ಬೆನ್ನು ತಟ್ಟಿ, "ಇವತ್ತೊಂದಿನ ನೀನೇ ಆಗಿರು ಮಾರಾಯಾ. ಎಂತದೂ ಕಷ್ಟ ಇಲ್ಲ. ಇಡೀ ಹಾಡಿಗೆ ನಿಂದು ಒಂದೇ ಏಟು. ಕಡೆಗೆ ನಾ ಕತ್ತೆತ್ತಿ ನೋಡ್ತೆ, ಆಗ ಹೊಡಿ," ಎಂದರು.

ಮರಳುವಾಗ ಗಿಟಾರು ಡಿಕ್ಕಿಯಲ್ಲಿ, ಜಾಗಟೆ ಭೀಮಣ್ಣನ ತೊಡೆಯ ಮೇಲೆ. ನಾಲ್ಕು ಜನ ಒಟ್ಟಿಗೆ ಉಣ್ಣಬಹುದಾದ ತಟ್ಟೆಯಷ್ಟು ದೊಡ್ಡದು, ತೂಕ ಎರಡು ಮಕ್ಕಳಷ್ಟು. ರಸ್ತೆಯ ಪ್ರತಿ ಉಬ್ಬಿಗೂ ಅದು ಕಾರಿನ ಬಾಗಿಲಿಗೆ ತಾಗಿ ಢಣ್ ಎನ್ನುತ್ತಿತ್ತು. ಶಿರಾಳಕೊಪ್ಪದ ಸಂತೆ ರಸ್ತೆಯಲ್ಲಿ ಕಾರು ಆಮೆಯಂತೆ ತೆವಳುವಾಗ ಜನ ಯಾವುದೋ ದೇವರ ಮೂರ್ತಿ ಹೊರಟಿದೆ ಎಂದು ದಾರಿ ಬಿಟ್ಟರು. ಮುದುಕಿಯೊಬ್ಬಳು ಕಿಟಕಿಯೊಳಗೆ ಕೈ ಹಾಕಿ ಭೀಮಣ್ಣನ ಪಾದ ಸಿಗದೆ ಮೊಣಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. "ನಾನಲ್ಲಜ್ಜಿ," ಎಂದ ಭೀಮಣ್ಣ. ಆ ದಿನ ಅವನ ಬಾಯಿಗೆ ಅದೊಂದೇ ಮಾತು ಅಭ್ಯಾಸವಾಗಿಬಿಟ್ಟಿತ್ತು.

"ಲೇ, ನಡುಮಧ್ಯ ಹೊಡೀಬ್ಯಾಡ," ಎಂದರು ಗಂಗಾಧರಪ್ಪನವರು ಗಾಡಿ ಓಡಿಸುತ್ತ, ರಸ್ತೆಯಿಂದ ಕಣ್ಣು ಕೀಳದೆ. "ನಡುಕ್ಕಿಂತ ಚೂರು ಕೆಳಗೆ. ಹೊಡೆದ ತಕ್ಷಣ ಕೈ ಹಿಂದಕ್ಕೆ. ತಡ ಆದ್ರೆ ನಾದ ಸಾಯ್ತದೆ."

"ನಿಮಗೆ ಹೆಂಗೆ ಗೊತ್ರಿ?"

"ದೇವಸ್ಥಾನದಾಗೆ ನೋಡಿಲ್ವೇನೋ!" ಎಂದು ಅವರು ಗದರಿದರು. ಹಿಂದಿನ ಸೀಟಿನಲ್ಲಿ ಮೇಷ್ಟ್ರಿಗೆ ಕೆಮ್ಮು ಬಂತು.

ಕಲ್ಯಾಣ ಮಂಟಪದಲ್ಲಿ ಜನವೋ ಜನ. ಹಾಡಿಗೆ ಬಂದವರೆಂದು ಸುನಿತಾ ತಿಳಿದಳು. ಹೋಳಿಗೆ ಊಟವಿದೆ ಎಂದು ಗಂಗಾಧರಪ್ಪನವರು ಊರಿಗೆಲ್ಲ ಹೇಳಿದ್ದು ಅವಳಿಗೆ ಗೊತ್ತಿರಲಿಲ್ಲ. ಅವರ ಹೆಂಡತಿ ಜಗದಾಂಬ ಊಟದ ಮನೆಯ ಉಸ್ತುವಾರಿಯಲ್ಲಿದ್ದಳು. ಗಂಗಾಧರಪ್ಪನವರು ಮಾತ್ರ ಮೊದಲ ಸಾಲಿನಲ್ಲಿ, ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡು, ಶಬ್ದ ಮಿತಿ ಮೀರಿದರೆ ತಡೆಯಲು ಬಂದವರಂತೆ ಕೂತರು.

ವೇದಿಕೆಯ ಮೇಲೆ ಮಹಾಂತೇಶ್ ಭೀಮಣ್ಣನನ್ನು ನೋಡಿ, ಮೇಷ್ಟ್ರನ್ನು ನೋಡಿ, ಮೊದಲ ಸಾಲು ನೋಡಿ, "ಬಾರೋ ಭೀಮ, ಎಷ್ಟು ವರ್ಷ ಆತು!" ಎಂದು ಅಪ್ಪಿಕೊಂಡ. ಆನಂದಪ್ಪ ಡ್ರಮ್ಮಿನ ಹಿಂದಿನಿಂದ, "ಸ್ವಲ್ಪಾನೂ ಬದಲಾಗಿಲ್ಲ ನೋಡ್ರಿ," ಎಂದ. ಅವರಿಬ್ಬರೂ ಭೀಮಣ್ಣನನ್ನು ಅದುವರೆಗೆ ಹತ್ತಿರದಿಂದ ನೋಡಿದ್ದೇ ಇಲ್ಲ. ಇವರಿಗೆ ನಿಜವಾಗಿ ಮರೆವೋ, ಇಲ್ಲ ತನಗೇ ಮರೆವೋ ಎಂದು ಭೀಮಣ್ಣನಿಗೆ ಅನುಮಾನ ಬಂತು. ಬೆಳಗಿನಿಂದ ಇಷ್ಟು ಜನ ಇಷ್ಟು ಖಚಿತವಾಗಿ ಹೇಳುವಾಗ ಒಬ್ಬನ ನೆನಪಿಗೆ ಎಷ್ಟು ಬೆಲೆ?

ಹಾಡಿನ ಹೆಸರು 'ಕೋಡಿ'. ಅಂಜನಾಪುರದ ಜಲಾಶಯ ಬೇಸಿಗೆಯ ತಳದಿಂದ ಮೊದಲುಗೊಂಡು ಹನಿ ಹನಿಯಾಗಿ ತುಂಬುತ್ತ, ಕಡೆಗೆ ಕೋಡಿ ಬಿದ್ದು ಹರಿಯುವ ತನಕದ ಕತೆ. ಮೇಷ್ಟ್ರು ಒಂದು ತಂತಿಯನ್ನು ಮೀಟಿ ಬಿಟ್ಟರು. ತುಂಬ ಹೊತ್ತು ಏನೂ ಇಲ್ಲ. ಮತ್ತೊಮ್ಮೆ ಮೀಟಿದರು. ಮಹಾಂತೇಶ್ ಆರ್ಗನ್ನಿನ ಒಂದು ಕೀ ಮೇಲೆ ಬೆರಳಿಟ್ಟವನು ತೆಗೆಯಲೇ ಇಲ್ಲ.

"ಮೈಕ್ ಟೆಸ್ಟಿಂಗ್ ಇನ್ನೂ ಮುಗೀಲಿಲ್ವಾ?" ಎಂದು ಹಿಂದಿನಿಂದ ಒಬ್ಬರು ಕೇಳಿದರು.

"ಒಂದು ಸಿನಿಮಾ ಹಾಡು ಹಾಕ್ರಪ್ಪಾ," ಎಂದರು ಇನ್ನೊಬ್ಬರು.

ಸುನಿತಾ ತನ್ನ ಒಂದೇ ಒಂದು ಕ್ಯಾಮೆರಾ ಹಿಡಿದು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಓಡಾಡುತ್ತಿದ್ದಳು. ಹಾಡಿನಲ್ಲಿ ನೀರು ಏರಿತು. ಆನಂದಪ್ಪನ ಡ್ರಮ್ಸ್ ಶುರುವಾಯಿತು. ನಿಂತಿತು. ಲಯ ಬದಲಾಯಿತು. ಕಾಲು ಕುಟ್ಟಲು ಹೊರಟ ಗುರುಪ್ರಕಾಶನ ಕಾಲು ಗಾಳಿಯಲ್ಲೇ ಉಳಿಯಿತು. ಮಧ್ಯದಲ್ಲಿ ಮೇಷ್ಟ್ರಿಗೆ ಬೆರಳು ಮರಗಟ್ಟಿ ಅವರು ಕೈ ಕೊಡವಿಕೊಂಡರೆ, ಅದೂ ಹಾಡಿನ ಭಾಗವೆಂದು ಕೆಲವರು ಚಪ್ಪಾಳೆ ತಟ್ಟಿದರು. ಅದೇ ಹೊತ್ತಿಗೆ ಊಟದ ಮನೆಯಿಂದ ಬಿಸಿ ತುಪ್ಪದ ಪರಿಮಳ ಬಂತು. ಮೊದಲು ಹಿಂದಿನ ಸಾಲು ಎದ್ದಿತು. ಆಮೇಲೆ ಅದರ ಮುಂದಿನದು. ಸದ್ದಿಲ್ಲದೆ, ಬೆಣ್ಣೆ ಕರಗಿದಂತೆ ಸಭೆ ಕರಗಿ, ಇಡೀ ಮಂಟಪದಲ್ಲಿ ಯಮುನಮ್ಮ, ಗಂಗಾಧರಪ್ಪನವರು ಇಬ್ಬರೇ ಉಳಿದರು.

ಭೀಮಣ್ಣ ಮರದ ಕೊಡತಿ ಹಿಡಿದುಕೊಂಡು ಜಾಗಟೆಯ ಪಕ್ಕ ನಿಂತೇ ಇದ್ದ. ಮೊದಮೊದಲು ಅವನಿಗೆ ತನ್ನ ಗಿರಣಿಯದೇ ಯೋಚನೆ. ಬೀಸದೆ ಬಿಟ್ಟು ಬಂದ ಜೋಳದ ಯೋಚನೆ. ಆಮೇಲೆ ಬೇರೇನೂ ಮಾಡಲು ಇಲ್ಲದ್ದರಿಂದ ಅವನು ಕೇಳತೊಡಗಿದ. ಗಿರಣಿಯ ಸದ್ದಿನಲ್ಲಿ ಬದುಕಿದವನು ಅವನು. ಯಾರಾದರೂ ಹೇಳಿದ್ದನ್ನು ಪೂರ್ತಿ ಕೇಳಿ ಅವನಿಗೆ ಎಷ್ಟೋ ವರ್ಷವಾಗಿತ್ತು. ಕೇಳುತ್ತ ಕೇಳುತ್ತ ಅವನಿಗೆ ಅಪ್ಪನ ಸೈಕಲ್ಲಿನ ಕಂಬಿಯ ಮೇಲೆ ಕೂತು ಕೋಡಿ ನೋಡಲು ಹೋದದ್ದು ನೆನಪಾಯಿತು. ಇಡೀ ಊರೇ ಅಲ್ಲಿ ನಿಂತಿತ್ತು. ನೀರು ಕಟ್ಟೆಯ ಅಂಚಿಗೆ ಬಂದು, ಬೀಳಲೋ ಬೇಡವೋ ಎಂದು ನಡುಗುತ್ತ ನಿಂತ ಆ ಗಳಿಗೆಯಲ್ಲಿ ಯಾರೂ ಉಸಿರೆತ್ತಿರಲಿಲ್ಲ. ಅಪ್ಪ ಅವನ ಭುಜ 'ಬಿಗಿಯಾಗಿ ಹಿಡಿ' ಎನ್ನುವಂತೆ ಒತ್ತಿದ್ದ. ಅದೆಲ್ಲ ಎಲ್ಲಿ ಹೋಗಿತ್ತು ಇಷ್ಟು ದಿನ?

ವಾದ್ಯಗಳು ಏರಿ ಏರಿ ಒಂದೇ ಸಲಕ್ಕೆ ನಿಂತವು. ಮಂಟಪದಲ್ಲಿ ನಿಶ್ಶಬ್ದ. ನೀರು ಅಂಚಿನಲ್ಲಿ ನಿಂತಿತ್ತು.

ಭೀಮಣ್ಣ ಕೊಡತಿ ಎತ್ತಿದ. ಬೆಳಗಿನಿಂದ ತಪ್ಪಿಸಿಕೊಳ್ಳಲು ಹೆಣಗಿದ್ದ ಅವನಿಗೆ ಈಗ ಲೋಕದಲ್ಲಿ ಬೇಕಾದದ್ದು ಅದೊಂದೇ ಏಟು. ಯಮುನಮ್ಮ ಕುರ್ಚಿಯ ತುದಿಗೆ ಸರಿದು ಕೂತಿದ್ದಳು. ಸುನಿತಾ ಕ್ಯಾಮೆರಾಕ್ಕೆ ಕಣ್ಣಂಟಿಸಿ ಅವನ ಮುಖದ ತೀರ ಹತ್ತಿರಕ್ಕೆ ಬಂದಳು; ಆ ಮುಖ ಬಿಟ್ಟು ಬೇರೇನೂ ಅವಳಿಗೆ ಕಾಣುತ್ತಿರಲಿಲ್ಲ. ಶಿವಶಂಕರ ಮೇಷ್ಟ್ರು ಕತ್ತೆತ್ತಿದರು. ಆದರೆ ಅವರು ನೋಡಿದ್ದು ಭೀಮಣ್ಣನನ್ನಲ್ಲ. ಅವನನ್ನು ದಾಟಿ ಆಚೆಗೆ.

ಭೀಮಣ್ಣನ ಕೈಯಿಂದ ಕೊಡತಿ ಮಾಯವಾಯಿತು. ಯಾರೋ ಹಿಂದಿನಿಂದ ಬಂದು ಅವನನ್ನು ಪಕ್ಕಕ್ಕೆ ತಳ್ಳಿದ್ದರು. ನಡುಕ್ಕಿಂತ ಚೂರು ಕೆಳಗೆ ಏಟು ಬಿತ್ತು. ಹೊಡೆದ ಕೈ ಹಿಂದಕ್ಕೆ ಹಾರಿತು.

ಆ ನಾದ ಮಂಟಪದ ಕಿಟಕಿಗಳನ್ನು ನಡುಗಿಸಿ, ಊಟದ ಮನೆಯ ಲೋಟಗಳನ್ನು ನಡುಗಿಸಿ, ರಸ್ತೆಗೆ ಇಳಿದು ಎಲ್ಲೆಲ್ಲಿಗೋ ಹೋಯಿತು. ಜಾಗಟೆಯ ಮುಂದೆ ಗಂಗಾಧರಪ್ಪನವರು ನಿಂತಿದ್ದರು. ಕಿವಿಯ ಹತ್ತಿ ಬಿದ್ದುಹೋಗಿತ್ತು. ವಿಭೂತಿಯ ಮೇಲೆ ಬೆವರು, ಕೆನ್ನೆಯ ಮೇಲೆ ಕಣ್ಣೀರು.

"ಬಿತ್ತು ಕಣೋ ಶಿವು," ಎಂದರು. "ಕಡೀಗೂ ಬಿತ್ತು."

ಮೇಷ್ಟ್ರು ಗಿಟಾರು ಕೆಳಗಿಟ್ಟು ಅವರನ್ನು ತಬ್ಬಿಕೊಂಡರು. ಮಹಾಂತೇಶನೂ ಆನಂದಪ್ಪನೂ ಬಂದು ಸೇರಿದರು. ಏನೂ ಅರ್ಥವಾಗದೆ ನಿಂತ ಭೀಮಣ್ಣನ ಕಿವಿಯಲ್ಲಿ ಮಹಾಂತೇಶ್ ಮೆಲ್ಲಗೆ ಹೇಳಿದ: "ಆ ಕೂದ್ಲು ಇವಂದೇ. ಆವತ್ತು ಈ ಏಟು ಹೊಡೀಬೇಕು ಅಂತ ಕೊಡತಿ ಎತ್ತಿದ್ದ. ಅಷ್ಟರಾಗೆ ಇವರಪ್ಪ ಸ್ಟೇಜ್ ಹತ್ತಿ, ಅದೇ ಕೂದ್ಲು ಹಿಡಿದು ಎಳ್ಕೊಂಡು ಹೋಗಿ, ರಸ್ತೆಯಾಗೇ ಬೋಳಿಸಿಬಿಟ್ರು. ಆಮೇಲೆ ಇವನು ಈ ಮಾತೇ ಎತ್ತಿಲ್ಲ. ಯಾರು ಸದ್ದು ಮಾಡಿದ್ರೂ ಸಿಟ್ಟು. ನಿನ್ನೆ ಬಂದು, ನನ್ನ ಹೆಸರು ಸಾಯೋ ತನಕ ಬಾಯಿ ಬಿಡ್ಬ್ಯಾಡ್ರಿ ಅಂತ ನನಗೂ ಆನಂದಪ್ಪಗೂ ಆಣೆ ಹಾಕಿಸ್ದ."

ಭೀಮಣ್ಣನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಎತ್ತಿದ ಕೈ ಇನ್ನೂ ಹಗುರವಾಗಿ ಮೇಲೇ ಇತ್ತು. ಅದನ್ನು ಕೆಳಗಿಳಿಸಿದ.

ಗಂಗಾಧರಪ್ಪನವರು ಈಗ ಬೇರೆಯೇ ಮನುಷ್ಯ. ಟವೆಲ್ಲಿನಿಂದ ಮುಖ ಒರೆಸಿಕೊಂಡು ಸುನಿತಾಳ ಮುಂದೆ ಹೋಗಿ ನಿಂತರು. "ಬರ್ಕಳಮ್ಮ. ಆ ಫೋಟೋದಾಗೆ ಇರೋನು ನಾನೇ. ಊರಿಗೆಲ್ಲ ಗೊತ್ತಾಗ್ಲಿ. ನನ್ನ ಹೆಂಡ್ತಿಗೂ ಗೊತ್ತಾಗ್ಲಿ. ಏಟು ಚೆನ್ನಾಗಿ ಬಂದೈತೋ ಇಲ್ವೋ, ತೋರ್ಸು."

ಸುನಿತಾ ಕ್ಯಾಮೆರಾದ ಸಣ್ಣ ಪರದೆಯ ಮೇಲೆ ತೋರಿಸಿದಳು. ಎಲ್ಲರೂ ಬಗ್ಗಿ ನೋಡಿದರು. ಪರದೆಯ ತುಂಬ ಭೀಮಣ್ಣನ ಮುಖ. ಬಾಯಿ ಅರ್ಧ ತೆರೆದು, ಕಣ್ಣು ಎಲ್ಲೋ ನೆಟ್ಟು, ಹೊಸ ನೀರು ನೋಡುತ್ತ ನಿಂತವನ ಮುಖ. ಅಂಚಿನಲ್ಲಿ ಬಿಳಿಯದೇನೋ ಸುಳಿದು ಹೋಯಿತು, ಕಿಟಕಿಯ ಪರದೆಯೇನೋ ಎನ್ನಬೇಕು. ಆಮೇಲೆ ಆ ನಾದ. ಗಂಗಾಧರಪ್ಪನವರು ಎಲ್ಲಿಯೂ ಇರಲಿಲ್ಲ.

"ನನ್ನ ಜೀವಮಾನದಲ್ಲಿ ಇಂಥ ಶಾಟ್ ತೆಗೆದಿಲ್ಲ ಭೀಮಣ್ಣ ಸರ್," ಎಂದಳು ಸುನಿತಾ. "ಅಧ್ಯಕ್ಷರು ಕೊನೇ ಗಳಿಗೇಲಿ ನಿಲ್ಲಿಸೋಕೆ ಬಂದು ನುಗ್ಗಿದ್ರೂ ಏಟು ತಪ್ಪಲಿಲ್ಲವಲ್ಲ!"

"ನಿಲ್ಸಕ್ಕಲ್ಲಮ್ಮ! ಬಾರಿಸಿದ್ದೇ ನಾನು!"

"ಸರ್, ಭೀಮಣ್ಣನೇ ಅಂತ ನೀವೇ ಬೆಳಿಗ್ಗೆ ಹೇಳಿದ್ರಲ್ಲ? ಅದೂ ಇದೇ ಕ್ಯಾಮೆರಾದಲ್ಲಿದೆ."

ಗಂಗಾಧರಪ್ಪನವರು ಗೆಳೆಯರ ಕಡೆ ತಿರುಗಿದರು. "ಹೇಳ್ರೋ. ನಾನೇ ಅಂತ ಹೇಳ್ರೋ."

ಮೇಷ್ಟ್ರು ಮುಗ್ಧವಾಗಿ ಛಾವಣಿ ನೋಡಿದರು. "ಹೆಂಗೆ ಹೇಳದು ಮಾರಾಯಾ? ನಿನ್ನ ತಲೆ ಮೇಲೆ ಕೈಯಿಟ್ಟು ಆಣೆ ಮಾಡ್ಸಿಯಲ್ಲ. ಮಾತು ತಪ್ಪಿದ್ರೆ ನಿಂಗೇ ಅಪಾಯ."

"ಹಂಗಾದ್ರೆ ಇನ್ನೊಂದ್ಸಲ ಬಾರಿಸಾಣ!"

"ಬರೀ ಏಟು ಹೊಡೆದ್ರೆ ಅದು ಕೋಡಿ ಅಲ್ಲ," ಎಂದ ಮಹಾಂತೇಶ್. "ಅರ್ಧ ತಾಸು ನೀರು ತುಂಬ್ಬೇಕು. ನನ್ನ ಸೊಂಟ ಹೋಗೈತಿ. ಇನ್ನು ನಲವತ್ತು ವರ್ಷ ಬಿಟ್ಟು ನೋಡಾಣ."

ಉಳಿದವನು ಭೀಮಣ್ಣ. ಗಂಗಾಧರಪ್ಪನವರು ಅವನ ಎರಡೂ ಕೈ ಹಿಡಿದುಕೊಂಡರು. "ನೀನಾದ್ರೂ ಹೇಳಪ್ಪಾ, ಬಾರಿಸಿದ್ದು ನೀನಲ್ಲ ಅಂತ."

ಭೀಮಣ್ಣ ಯಮುನಮ್ಮನನ್ನು ನೋಡಿದ. ಅವಳಿಗೆ ಎಲ್ಲವೂ ಕಂಡಿತ್ತು. ಆದರೂ ಬೆಳಗಿನ ಬೆಳಕು ಅವಳ ಕಣ್ಣಿನಲ್ಲಿ ಇನ್ನೂ ಆರಿರಲಿಲ್ಲ. ಅದು ಅವನನ್ನು ಹೆಚ್ಚು ಕಾಡಿತು. ಅವನು ಕೈ ಬಿಡಿಸಿಕೊಂಡು ಸುನಿತಾಳತ್ತ ತಿರುಗಿದ.

"ನಾನಲ್ಲಮ್ಮ," ಎಂದ ಕೊನೆಗೆ, ಮೆಲ್ಲಗೆ.

ಸುನಿತಾ ನಕ್ಕಳು. "ಇವರ ಸಂಕೋಚಾನೇ ಇಡೀ ಚಿತ್ರದ ಜೀವ," ಎಂದು ಕ್ಯಾಮೆರಾ ಮುಚ್ಚಿದಳು.

ಅಷ್ಟರಲ್ಲಿ ಊಟ ಮುಗಿಸಿದವರು ಬಾಯಿ ಒರೆಸಿಕೊಳ್ಳುತ್ತ ಹೊರಬಂದರು. "ಎಂಥ ಏಟು ಹೊಡೆದ್ಯೋ ಭೀಮಣ್ಣ! ಹೋಳಿಗೆ ಕೈಯಿಂದ ಜಾರಿಬಿತ್ತು," ಎಂದ ಗುರುಪ್ರಕಾಶ್. ಜಗದಾಂಬ ಕೂಡ ಬಂದು, "ಮೈ ಜುಂ ಅಂತು ಭೀಮಣ್ಣಾರೆ," ಎಂದಳು. ಆಮೇಲೆ ಗಂಡನತ್ತ ತಿರುಗಿ, "ನೀವು ನೋಡಿದ್ರೆ ಅದನ್ನೂ ತಡಿಯಾಕೆ ಸ್ಟೇಜ್ ಹತ್ತಿದ್ರಂತೆ. ನಾಚಿಕೆ ಆಗ್ಬೇಕು," ಎಂದಳು.

"ನಾನೇ ಕಣೇ ಬಾರಿಸಿದ್ದು!"

"ಸಾಕು ಸುಮ್ಕಿರ್ರಿ. ಬಿಪಿ ಮಾತ್ರೆ ನುಂಗಿದ್ರಾ ಇಲ್ಲ?"

ಜನ ಚದುರಿದ ಮೇಲೆ ಮಂಟಪದ ಮೆಟ್ಟಿಲ ಮೇಲೆ ಗಂಗಾಧರಪ್ಪನವರು ಕೂತರು. ಒಂದು ಮೆಟ್ಟಿಲು ಕೆಳಗೆ ಭೀಮಣ್ಣನೂ ಯಮುನಮ್ಮನೂ. ಊಟ ಮುಗಿದುಹೋಗಿತ್ತು, ಮೂವರಿಗೂ ಹಸಿವು.

"ಸಾವ್ಕಾರ್ರೆ, ಅರ್ಜಿ..." ಎಂದು ಭೀಮಣ್ಣ ರಾಗ ಎಳೆದ.

"ಎಂಥ ಅರ್ಜಿನೋ?" ಎಂದು ಅವರು ಸಿಡುಕಿದರು. "ನನ್ನ ಏಟು ನಿನ್ನ ಮುಖಕ್ಕೆ ಹೋತು. ಇನ್ನು ಗಿರಣೀನೂ ಉಳಿಸ್ಕೊಡ್ಬೇಕಾ? ಸಿನಿಮಾ ನೋಡಿದೋರೆಲ್ಲ ನೀನೇ ಅಂತಾರೆ. ನಾನು ಸತ್ತ ಮೇಲೂ ನೀನೇ ಅಂತಾರೆ. ನಾನೇ ಅಂತ ನಂಬೋ ಒಬ್ಬ ಮನುಷ್ಯ ಇಲ್ಲ ಈ ಊರಾಗೆ."

ಅವರ ದನಿಯಲ್ಲಿ ಸಿಟ್ಟಿಗಿಂತ ಬೇರೆ ಏನೋ ಇತ್ತು. ಭೀಮಣ್ಣನಿಗೆ ತನ್ನ ಗಿರಣಿಯನ್ನೂ ಮರೆತು ಅಯ್ಯೋ ಎನಿಸಿತು. ಏನಾದರೂ ಸಮಾಧಾನ ಹೇಳಬೇಕೆನ್ನುವಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಪೊಲೀಸ್ ಠಾಣೆಯವರದು. ಆ ಕಡೆಯ ದನಿ ಕೆಳಗಿನ ಮೆಟ್ಟಿಲಿಗೂ ಕೇಳಿಸುವಷ್ಟು ಜೋರಾಗಿತ್ತು.

"ಅಧ್ಯಕ್ಷರೇ, ನಮಸ್ಕಾರ. ಎಲ್ಲಾ ಕಡೆ ಶಬ್ದ ನಿಲ್ಸೋರು ನೀವು, ನಿಮ್ಮ ಮಂಟಪದಾಗೇ ಹಿಂಗಾದ್ರೆ ಹೆಂಗೆ ಸಾರ್? ಭಾರೀ ಸದ್ದು ಬಂತು ಅಂತ ದೂರು ಮೇಲೆ ದೂರು. ಊರ ಆ ತುದಿ ಹುಚ್ಚರಾಯನ ಕೆರೆ ಏರಿ ಕಡೆಯಿಂದ್ಲೂ ಫೋನ್ ಮಾಡ್ಯಾರೆ."

ಗಂಗಾಧರಪ್ಪನವರು ಎದ್ದು ನಿಂತರು. "ಕೆರೆ ಏರಿ ತನಕ ಕೇಳಿಸ್ತಾ?"

"ಕೇಳಿಸ್ತಾ ಅಂದ್ರೆ? ಎದೆ ನಡುಗಿ ಹೋತಂತೆ ಸಾರ್. ಒಂದೇ ಏಟಂತೆ."

"ಕೆರೆ ಏರಿ ತನಕ," ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಆ ಬೋಳುತಲೆಯ ಕೆಳಗಿನ ಮುಖದಲ್ಲಿ ಇಪ್ಪತ್ತರ ಹುಡುಗನೊಬ್ಬ ಇಣುಕಿ ನೋಡಿದ.

"ಇದನ್ನ ಹಂಗೇ ಬಿಡಕ್ಕಾಗಲ್ಲ, ಕೇಸ್ ಹಾಕ್ಲೇಬೇಕು. ಬಾರಿಸಿದೋರು ಯಾರು ಸಾರ್? ನೀವು ಹೇಳಿದ ಹೆಸರು ಬರ್ಕಂತೀನಿ."

ಇಡೀ ಊರಿನಲ್ಲಿ ಅವರ ಮಾತನ್ನು ನಂಬಿ ಹೆಸರು ಬರೆದುಕೊಳ್ಳಲು ತಯಾರಿದ್ದ ಒಬ್ಬನೇ ಮನುಷ್ಯ ಫೋನಿನ ಆ ತುದಿಯಲ್ಲಿದ್ದ. ಗಂಗಾಧರಪ್ಪನವರು ಎದೆ ತುಂಬ ಉಸಿರೆಳೆದುಕೊಂಡರು. ಬಾಯಿ ತೆರೆದರು. ಭೀಮಣ್ಣ ಕತ್ತೆತ್ತಿ ನೋಡಿದ. ಈ ಸಲವಾದರೂ ಅವರಿಗೆ ಸಿಗಲಿ ಎಂದು ಮನಸ್ಸಿನಲ್ಲೇ ಹಾರೈಸಿದ.

ಅವರು ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡರು. ಗಂಟಲು ಸರಿಮಾಡಿಕೊಂಡರು.

"ಬರ್ಕೊಳ್ರಿ," ಎಂದರು. "ಗಿರಣಿ ಭೀಮಣ್ಣ."